ಗ್ರಿಲ್ಲಿನ ಮೇಲೆ ಹನಿಸಕಲ್

ಕಳೆದ ಸಲ ಕುಂಡದಲ್ಲಿ ಬಸಳೆ ಬೆಳೆಸುವುದರ ಬಗ್ಗೆ ಬರೆದ ಮೇಲೆ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದರು: ತಿನ್ನೋದು ಆಯ್ತು, ಪರಿಮಳಕ್ಕೆ ಹನಿಸಕಲ್ ಹಾಕಬಹುದಾ?

ಹಾಕಬಹುದು. ಆದರೆ ಮೊದಲು ಯಾವ ಹನಿಸಕಲ್ ಅನ್ನೋದು ಇತ್ಯರ್ಥವಾಗಬೇಕು. ನಮ್ಮ ಸೀವುಡ್ಸ್ ಕಡೆಯ ನರ್ಸರಿಯಲ್ಲಿ ಕೇಳಿ ನೋಡಿ. "ತಾಈ, ಹೀಚ್ ಹನಿಸಕಲ್" ಅಂತ ಮಾಲಿ ಎತ್ತಿ ಕೊಡುವುದು ಮಧುಮಾಲತಿಯನ್ನು. ಹಳೇ ಬಂಗಲೆಗಳ ಗೇಟಿನ ಮೇಲೆ ಬಿಳಿ, ಗುಲಾಬಿ, ಕೆಂಪು ಹೂಗಳು ಒಂದೇ ಗೊಂಚಲಲ್ಲಿ ತೂಗುತ್ತಿರುತ್ತವಲ್ಲ, ಅದು. ಇಂಗ್ಲಿಷಿನಲ್ಲಿ ರಂಗೂನ್ ಕ್ರೀಪರ್. ಚೈನೀಸ್ ಹನಿಸಕಲ್ ಅಂತಲೂ ಕರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಮಾಲಿ ಮೋಸ ಮಾಡುತ್ತಿಲ್ಲ.

ಅಸಲಿ ಹನಿಸಕಲ್ ಲೊನಿಸೆರಾ ಜಾತಿಯದು. ಹದಿನಾರನೇ ಶತಮಾನದ ಜರ್ಮನ್ ಸಸ್ಯಶಾಸ್ತ್ರಜ್ಞ ಆಡಂ ಲೊನಿಸರ್ ಅವರ ಹೆಸರು ಅದಕ್ಕೆ. ನಾವು ಚಿಕ್ಕವರಿದ್ದಾಗ ಕೇಪಳದ ಹೂ ಕಿತ್ತು ತೊಟ್ಟಿನ ಕಡೆಯಿಂದ ಸಿಹಿ ಹೀರುತ್ತಿದ್ದೆವಲ್ಲ, ಹಾಗೆಯೇ ಅಲ್ಲಿನ ಮಕ್ಕಳು ಈ ಹೂವಿನಿಂದ ಹೀರುತ್ತಾರೆ. ಜಪಾನಿ ಲೊನಿಸೆರಾದ ಹೂ ಬಿಳಿಯಾಗಿ ಅರಳಿ ಹಳದಿಗೆ ತಿರುಗುತ್ತದೆ. ಚೀನೀಯರು ಅದನ್ನು ಚಿನ್ನ-ಬೆಳ್ಳಿ ಹೂ ಅನ್ನುತ್ತಾರೆ. ಆದರೆ ಅದು ತಂಪು ಸೀಮೆಯ ಬಳ್ಳಿ. ಬೆಂಗಳೂರಿನವರು ಧೈರ್ಯವಾಗಿ ಹಾಕಿ. ಖಾಡಿಯ ಉಪ್ಪುಗಾಳಿ, ಮೇ ತಿಂಗಳ ಬೆವರು, ನಾಲ್ಕು ತಿಂಗಳ ಮಳೆ ಇರುವ ನಮ್ಮಲ್ಲಿ ಅದನ್ನು ಬದುಕಿಸುವುದೇ ಒಂದು ಪ್ರಾಜೆಕ್ಟ್. ಆಫೀಸಿನಲ್ಲಿರೋ ಪ್ರಾಜೆಕ್ಟೇ ಸಾಕು ನನಗೆ.

ಮಧುಮಾಲತಿಗೆ ಈ ಹವೆ ಹೇಳಿ ಮಾಡಿಸಿದಂತಿದೆ. ಲೊನಿಸೆರಾಕ್ಕೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ಇದರ ದಾಯಾದಿಗಳು ನಮ್ಮ ಮತ್ತಿ, ಅಳಲೆ, ತಾರೆ ಮರಗಳು, ಮುಂಬಯಿ ರಸ್ತೆಬದಿಯ ಕಾಡುಬಾದಾಮಿ. ಹೂ ಅರಳುವುದು ಸಂಜೆಗತ್ತಲಲ್ಲಿ, ಬೆಳ್ಳಗೆ. ಎರಡಿಂಚಿಗೂ ಉದ್ದದ ಕೊಳವೆಯ ತಳದಲ್ಲಿರುವ ಮಕರಂದಕ್ಕೆ ಉದ್ದ ನಾಲಿಗೆಯ ರಾತ್ರಿ ಪತಂಗಗಳು ಬರುತ್ತವೆ. ಮರುದಿನ ಗುಲಾಬಿ, ಅದರ ಮರುದಿನ ಕೆಂಪು. ಆಗ ಹಗಲಿನ ಜೇನ್ನೊಣ, ಸೂರಕ್ಕಿಗಳ ಸರದಿ. ಪರಿಮಳವೂ ರಾತ್ರಿಯೇ ಜೋರು. ಹಾರ್ಬರ್ ಲೈನಿನಲ್ಲಿ ನಿಂತುಕೊಂಡೇ ಬಂದು ಒಂಬತ್ತು ಗಂಟೆಗೆ ಮನೆ ಸೇರುವವರಿಗೆ ಇದಕ್ಕಿಂತ ಸರಿಹೊಂದುವ ಹೂ ನನಗೆ ಗೊತ್ತಿಲ್ಲ.

ಇದರ ಹಳೆಯ ಲ್ಯಾಟಿನ್ ಹೆಸರು ಕ್ವಿಸ್‌ಕ್ವಾಲಿಸ್. ಅಂದರೆ "ಯಾರು? ಎಂಥದ್ದು?" ಗಿಡ ತಂದವರಿಗೆ ಈ ಹೆಸರು ಯಾಕೆಂದು ಬೇಗ ಅರ್ಥವಾಗುತ್ತದೆ. ಮೊದಲ ಕೆಲವು ತಿಂಗಳು ಅದು ಬಳ್ಳಿಯೇ ಅಲ್ಲ ಅನ್ನುವಂತೆ ಪೊದೆಯಾಗಿ ನಿಂತಿರುತ್ತದೆ. ಆಮೇಲೆ ಒಂದು ದಿನ ಉದ್ದನೆಯ ಚಿಗುರು ಚಾಚಿ ಸಿಕ್ಕಿದ್ದನ್ನೆಲ್ಲ ಸುತ್ತುತ್ತದೆ, ಎಸಿ ಪೈಪನ್ನೂ ಬಿಡುವುದಿಲ್ಲ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಗೊಬ್ಬರ ಸುರಿದು ಅವಸರ ಮಾಡಬೇಡಿ. ಸಾರಜನಕ ಹೆಚ್ಚಾದರೆ ಬರೀ ಎಲೆ.

ಕುಂಡ 16 ಇಂಚಿನದು ಬೇಕು. ಕೆಂಪು ಮಣ್ಣು, ಕಾಂಪೋಸ್ಟು, ಸ್ವಲ್ಪ ಕೋಕೋಪೀಟ್, ತಳದಲ್ಲಿ ನೀರು ಇಳಿಯುವ ತೂತು. ಐದಾರು ಗಂಟೆ ಬಿಸಿಲು. ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಫೆಬ್ರವರಿಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಮೂರರಲ್ಲಿ ಎರಡು ಪಾಲು ಕತ್ತರಿಸಿ. ಕೈಗವಸು ಹಾಕಿಕೊಳ್ಳಿ, ಎಲೆ ಉದುರಿದ ಮೇಲೆ ಉಳಿಯುವ ತೊಟ್ಟು ಮುಳ್ಳಾಗಿ ಗಟ್ಟಿಯಾಗಿರುತ್ತದೆ.

ಇನ್ನು ನಿಜವಾದ ತಕರಾರಿನ ವಿಷಯ. ಆ ಕುಂಡದ ಮಣ್ಣು ಮಳೆಯಲ್ಲಿ ನೆನೆದರೆ 40 ಕಿಲೋ ದಾಟುತ್ತದೆ. ನಮ್ಮ ಕಡೆ ಬಹುತೇಕರು ಅದನ್ನು ಇಡುವುದು ಎಲ್ಲಿ? ಕಿಟಕಿಯಿಂದಾಚೆ ಗೋಡೆಗೆ ಬೋಲ್ಟ್ ಹೊಡೆದ ಬಾಕ್ಸ್ ಗ್ರಿಲ್ಲಿನಲ್ಲಿ. ಉಪ್ಪುಗಾಳಿಗೆ ಆ ಕಬ್ಬಿಣ ಒಳಗೊಳಗೇ ತುಕ್ಕು ಹಿಡಿಯುತ್ತಿರುತ್ತದೆ, ಪೇಂಟ್ ಮಾತ್ರ ಮೇಲೆ ಹೊಳೆಯುತ್ತಿರುತ್ತದೆ. ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ.

ಈ ಸಲ ಮಳೆಗೆ ಮುಂಚೆ ನಮ್ಮ ಸೊಸೈಟಿಯಲ್ಲಿ ನೋಟಿಸ್ ಬಂತು: ಗ್ರಿಲ್ಲಿನಲ್ಲಿರುವ ಕುಂಡಗಳನ್ನೆಲ್ಲ ತೆಗೆಯಬೇಕು, ಗ್ರಿಲ್ಲಿಗೆ ಹಬ್ಬಿದ ಬಳ್ಳಿಗಳನ್ನೂ ಕತ್ತರಿಸಬೇಕು. ಮೀಟಿಂಗಿನಲ್ಲಿ ಗಿಡದವರೆಲ್ಲ ಒಂದಾಗಿ ಕೂಗಾಡಿದರು. ನಾನು ಕುಂಡದ ವಿಷಯದಲ್ಲಿ ಕಮಿಟಿಯ ಕಡೆಗೇ ನಿಂತೆ, ಇವತ್ತಿಗೂ ನಿಲ್ಲುತ್ತೇನೆ. ನನ್ನ ಕುಂಡ ಮೊದಲಿನಿಂದಲೂ ಒಳಗೆ, ಬಾಲ್ಕನಿಯ ಮೂಲೆಯಲ್ಲಿ, ಗಟ್ಟಿ ಸ್ಲ್ಯಾಬಿನ ಮೇಲಿದೆ. ಗ್ರಿಲ್ಲಿಗೆ ಹೋಗಿರುವುದು ಬಳ್ಳಿ ಮಾತ್ರ. ಅದನ್ನೂ ಕತ್ತರಿಸಿ ಅಂದಾಗ ಮಾತ್ರ ಒಪ್ಪಲಿಲ್ಲ.

ಸೆಕ್ರೆಟರಿಯವರು, "ಕೆಳಗಿನ ಮನೆಯವರಿಗೆ ಕಸ ಬೀಳುತ್ತದಲ್ಲಾ?" ಅಂದರು. ಕೆಳಗಿನ ಮನೆಯ ಕಾಕೂ ಅಲ್ಲೇ ಕೂತಿದ್ದರು. ಮೊದಲ ವರ್ಷ ಒಣಹಾಕಿದ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುತ್ತದೆ ಅಂತ ಬಾಗಿಲು ತಟ್ಟಿದ್ದವರೇ ಅವರು; ಅವತ್ತೇ ತಟ್ಟೆ ಇಟ್ಟು, ನೀರು ಹಾಕುವುದನ್ನು ಬೆಳಿಗ್ಗೆ ಆರಕ್ಕೆ ಬದಲಾಯಿಸಿದ್ದೆ. ಇವತ್ತು ಏನನ್ನುತ್ತಾರೋ ಅಂತ ಎಲ್ಲರೂ ಅವರ ಕಡೆ ತಿರುಗಿದೆವು.

"ಹೂ ಬೀಳುತ್ತೆ, ಗುಡಿಸ್ತೀನಿ," ಅಂದರು ಕಾಕೂ ಮರಾಠಿಯಲ್ಲಿ. "ರಾತ್ರಿ ನಿದ್ದೆ ಬರಲ್ಲ ನನಗೆ. ವಾಸನೆ ಬರುತ್ತಲ್ಲ, ಅದು ಇರಲಿ."

ಕೊನೆಗೆ ಆದ ಒಪ್ಪಂದ ಇಷ್ಟು: ಕುಂಡಗಳೆಲ್ಲ ಒಳಗೆ. ಬಳ್ಳಿ ಇರಬಹುದು, ಆದರೆ ವರ್ಷಕ್ಕೊಮ್ಮೆ ಗ್ರಿಲ್ಲಿನ ತುಕ್ಕು ನೋಡಿ ಪೇಂಟ್ ಹೊಡೆಸಲು ಅದನ್ನು ಪೂರ್ತಿ ಬಿಡಿಸಿಕೊಡಬೇಕು. ಹೇಗೂ ಫೆಬ್ರವರಿಯಲ್ಲಿ ಕತ್ತರಿಸುವುದೇ ಇದೆ, ಎರಡೂ ಒಟ್ಟಿಗೇ ಮುಗಿಯುತ್ತದೆ. ಒಬ್ಬರು ಮಾತ್ರ ಮುನಿಸಿಕೊಂಡು ಇದ್ದ ಹನ್ನೆರಡು ಕುಂಡಗಳನ್ನೂ ವಾಚ್‌ಮನ್‌ಗೆ ಕೊಟ್ಟುಬಿಟ್ಟರು. ಗೇಟಿನ ಪಕ್ಕ ಈಗ ಅವು ಮೊದಲಿಗಿಂತ ಚೆನ್ನಾಗಿವೆ.

ಗಿಡ ಬೇಕಾದವರು ನರ್ಸರಿಗೇ ಹೋಗಬೇಕೆಂದಿಲ್ಲ. ಮಳೆ ಹಿಡಿದ ಮೇಲೆ ಬುಡದ ಸುತ್ತ ಬೇರಿನಿಂದ ಮರಿಗಳು ಏಳುತ್ತವೆ. ಗೇಣುದ್ದವಾದಾಗ ಬೇರುಸಮೇತ ಬಿಡಿಸಿ ಸಣ್ಣ ಚೀಲದಲ್ಲಿ ನೆಟ್ಟು, ಹೊಸ ಎಲೆ ಬರುವವರೆಗೆ ನೆರಳಿನಲ್ಲಿಡಿ. ನನ್ನ ಕುಂಡದಲ್ಲಿ ಸದ್ಯ ಮೂರು ಮರಿಗಳಿವೆ. ಒಂದನ್ನು ಕಾಕೂ ಆಗಲೇ ಕೇಳಿಟ್ಟಿದ್ದಾರೆ. ಉಳಿದೆರಡು ನೆರೂಳ್‌ನಿಂದ ಬೇಲಾಪುರದೊಳಗಿನ ಓದುಗರಿಗೆ. ಬರುವಾಗ ಚೀಲ ನೀವೇ ತನ್ನಿ.