ಅಜ್ಜನ ಸೈಕಲ್ಲಿನ ಚೈನು

ಮಕ್ಕಳೇ, ಧಾರವಾಡದಿಂದ ಪುಣೆಗೆ ತಂದಿದ್ದ ನಮ್ಮ ಮಾವನವರ ಸೈಕಲ್ಲಿನ ಚೈನು ಮೊನ್ನೆ ತುಂಡಾಯಿತು. "ಹೊಸಾ ಚೈನ್ ಯಾಕಮ್ಮಾ, ಸೈಕಲ್ಲನ್ನೇ ಭಂಗಾರದವಗ ಕೊಟ್ಟುಬಿಡೂಣು" ಎಂದ ಮಗರಾಯ. ಒಳಗೆ ಮಾವನವರು ಪೇಪರ್ ಓದುವುದನ್ನು ನಿಲ್ಲಿಸಿದ್ದು ನನಗೆ ಗೊತ್ತಾಯಿತು.

ಹೊಲಿಗೆ ಪೆಟ್ಟಿಗೆಯಿಂದ ಸ್ಕೇಲು ತಂದೆ. ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು. ಅದಕ್ಕಿಂತ ಎಂಟನೇ ಒಂದಂಶ ಇಂಚು ಹೆಚ್ಚಿದ್ದರೆ ಚೈನು ಸವೆದಿದೆ, ರಿಪೇರಿ ದಂಡ. ಹಲ್ಲುಚಕ್ರವೂ ಸವೆದಿರುತ್ತದೆ; ಹೊಸ ಚೈನು ಅದರ ಮೇಲೆ ಜಾರುತ್ತದೆ, ಅಂದರೆ ಎರಡು ಖರ್ಚು! ನಮ್ಮದು ಅಷ್ಟು ಹಿಗ್ಗಿರಲಿಲ್ಲ. ಮುರಿದದ್ದು ಒಂದೇ ಹೊರಕೊಂಡಿ. ಅಂಗಡಿಯವರು ಆ ಜಾಗಕ್ಕೆ ಚೈನ್ ಲಾಕ್ ಹಾಕಿ, ಎಣ್ಣೆ ಬಿಟ್ಟುಕೊಟ್ಟರು.

ಮಾವನವರು ಸೀಟು ಒರೆಸುತ್ತಾ, "ಬ್ರೇಕೂ ನೋಡಿಸಬೇಕಿತ್ತವಾ" ಎಂದರು.