ಮಿದುಳಿಗೆ ಕಸರತ್ತು: ನಡಿಗೆಯೋ, ಪದಬಂಧವೋ?

ಅರವತ್ತಕ್ಕೆ ಅರಳು ಮರಳು ಎನ್ನುವ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎನ್ನುವ ನಂಬಿಕೆ ಅದರ ಹಿಂದಿದೆ. ಈಚಿನ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಹರಡಿದೆ. ದಿನಕ್ಕೊಂದು ಪದಬಂಧ ಬಿಡಿಸಿದರೆ, ಸುಡೊಕು ತುಂಬಿದರೆ, ಮೊಬೈಲಿನಲ್ಲಿ 'ಬ್ರೇನ್ ಗೇಮ್' ಆಡಿದರೆ ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲವಂತೆ! ಮೊದಲನೆಯ ನಂಬಿಕೆ ಕೈಚೆಲ್ಲಿ ಕೂರುವಂತೆ ಮಾಡುತ್ತದೆ, ಎರಡನೆಯದು ಅಗ್ಗದ ಭರವಸೆ ಕೊಡುತ್ತದೆ. ಸಾವಿರಾರು ಹಿರಿಯರೊಡನೆ ನಡೆದಿರುವ ಪ್ರಯೋಗಗಳು ಹೇಳುವ ಸಂಗತಿ ಇವೆರಡರ ನಡುವೆ ಎಲ್ಲೋ ಇದೆ.

ವಯಸ್ಸಾದರೆ ಮರೆವು ಬರಲೇಬೇಕೆ?

ವಯಸ್ಸಾದಂತೆ ಮಿದುಳಿನ ವೇಗ ಸ್ವಲ್ಪ ತಗ್ಗುವುದು ನಿಜ. ಪರಿಚಿತರ ಹೆಸರು ತಟ್ಟನೆ ನೆನಪಾಗುವುದಿಲ್ಲ, ಕನ್ನಡಕ ಎಲ್ಲಿಟ್ಟೆವೆಂದು ಹುಡುಕಬೇಕಾಗುತ್ತದೆ. ಆದರೆ ಪದಸಂಪತ್ತು, ಬದುಕಿನಿಂದ ಕಲಿತ ತಿಳಿವಳಿಕೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಡಿಮೆನ್ಶಿಯ ಇದಕ್ಕಿಂತ ಬೇರೆ. ದಿನಾ ಓಡಾಡುವ ಬೀದಿಯಲ್ಲೇ ದಾರಿ ತಪ್ಪುವುದು, ವರ್ಷಗಟ್ಟಲೆ ಮಾಡಿದ ಅಡುಗೆಯ ಕ್ರಮವೇ ಮರೆತುಹೋಗುವುದು, ಹಣದ ಲೆಕ್ಕ ಇಡಲು ಆಗದಿರುವುದು, ಹೀಗೆ ದಿನನಿತ್ಯದ ಬದುಕೇ ಎಡವಟ್ಟಾದರೆ ಅದು ಕಾಯಿಲೆಯ ಸೂಚನೆ.

ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು ಶೇ. 7.4ರಷ್ಟು, ಅಂದರೆ ಹತ್ತಿರಹತ್ತಿರ 88 ಲಕ್ಷ ಜನರಿಗೆ ಡಿಮೆನ್ಶಿಯ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಸಂಖ್ಯೆ ದೊಡ್ಡದೇ. ಆದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಹಿರಿಯರಿಗೆ ಆ ಕಾಯಿಲೆ ಇಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಗಾದೆಯ ಮಾತು ಇಲ್ಲಿ ಸುಳ್ಳು.

ಕಾಲು ನಡೆದರೆ ಮಿದುಳಿಗೇನು ಲಾಭ?

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2 ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಭಾಗ ಅದಕ್ಕೇ ಬೇಕು. ಅದನ್ನು ಹೊತ್ತು ತರುವುದು ರಕ್ತ. ಹಾಗಾಗಿ ರಕ್ತನಾಳಗಳು ಚೆನ್ನಾಗಿದ್ದರೆ ಮಿದುಳೂ ಚೆನ್ನಾಗಿರುತ್ತದೆ. ನಡಿಗೆಯಂತಹ ವ್ಯಾಯಾಮ ರಕ್ತದೊತ್ತಡವನ್ನೂ ಸಕ್ಕರೆಯ ಅಂಶವನ್ನೂ ಹತೋಟಿಯಲ್ಲಿಡಲು ನೆರವಾಗುತ್ತದೆ, ನಾಳಗಳನ್ನು ಕಾಪಾಡುತ್ತದೆ. ನರಕೋಶಗಳ ಬೆಳವಣಿಗೆಗೆ ಬೇಕಾದ ಬಿಡಿಎನ್‌ಎಫ್ ಎಂಬ ಪ್ರೋಟೀನಿಗೂ ವ್ಯಾಯಾಮಕ್ಕೂ ನಂಟಿದೆ.

2011ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗ ಬಹಳ ಹೆಸರು ಮಾಡಿತು. 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ ಚುರುಕು ನಡಿಗೆ, ಇನ್ನೊಂದಕ್ಕೆ ಮೈ ಸಡಿಲಿಸುವ ಹಗುರ ವ್ಯಾಯಾಮ ಮಾಡಿಸಿದರು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ವಯಸ್ಸಾದಂತೆ ಕುಗ್ಗುತ್ತದೆ. ಒಂದು ವರ್ಷದ ನಂತರ ನೋಡಿದರೆ ನಡೆದವರಲ್ಲಿ ಅದರ ಗಾತ್ರ ಸುಮಾರು ಶೇ. 2ರಷ್ಟು ಹೆಚ್ಚಿತ್ತು, ಇನ್ನೊಂದು ಗುಂಪಿನಲ್ಲಿ ಕುಗ್ಗಿತ್ತು. ಆದರೆ ಪತ್ರಿಕೆಗಳ ತಲೆಬರಹಗಳಲ್ಲಿ ಬಾರದ ಸಂಗತಿಯೊಂದಿದೆ: ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಸುಧಾರಿಸಿದ್ದರು.

ಇದಕ್ಕಿಂತ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಬಂತು. 70ರಿಂದ 89 ವರ್ಷದ, ಹೆಚ್ಚು ಓಡಾಟವಿಲ್ಲದ 1,600ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಎರಡು ವರ್ಷ ವ್ಯಾಯಾಮ ಮಾಡಿದವರಿಗೂ ಬರೀ ಆರೋಗ್ಯದ ಪಾಠ ಕೇಳಿದವರಿಗೂ ಬುದ್ಧಿಯ ಪರೀಕ್ಷೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ವ್ಯಾಯಾಮ ವ್ಯರ್ಥವೇ? ಅಲ್ಲ. ವ್ಯಾಯಾಮ ಮಾಡಿದವರು ತಮ್ಮ ಕಾಲ ಮೇಲೆ ತಾವು ಓಡಾಡುವ ಶಕ್ತಿಯನ್ನು ಹೆಚ್ಚು ಚೆನ್ನಾಗಿ ಉಳಿಸಿಕೊಂಡಿದ್ದರು. ರಕ್ತನಾಳಗಳಿಗೆ ಆಗುವ ಹಾನಿ ಮಧ್ಯವಯಸ್ಸಿನಿಂದಲೇ ನಿಧಾನವಾಗಿ ಕೂಡುತ್ತ ಬರುತ್ತದೆ. ಅದರ ಪರಿಣಾಮವನ್ನು ಎಪ್ಪತ್ತೈದರಲ್ಲಿ ಶುರುಮಾಡಿದ ಎರಡು ವರ್ಷದ ನಡಿಗೆ ಅಳಿಸಿಹಾಕುತ್ತದೆ ಎಂದು ನಿರೀಕ್ಷಿಸುವುದು ಕಷ್ಟ.

ಆಟ ಆಡಿದರೆ ನೆನಪು ಗಟ್ಟಿಯಾಗುತ್ತದೆಯೇ?

ರಂಗೋಲಿ ಹಾಕಿ ಹಾಕಿ ಕೈ ಪಳಗಿದವರಿಗೆ ಅದರಿಂದಲೇ ಹಾಡಲು ಬಂದುಬಿಡುವುದಿಲ್ಲ. ಮಿದುಳಿನ ತರಬೇತಿಯೂ ಹೆಚ್ಚುಕಡಿಮೆ ಹೀಗೆಯೇ. ಸುಡೊಕು ಬಿಡಿಸುತ್ತ ಹೋದರೆ ಸುಡೊಕುವಿನಲ್ಲಿ ನಿಸ್ಸೀಮರಾಗುತ್ತೇವೆ. ಆ ಜಾಣತನ ಮಾತ್ರೆ ನುಂಗುವುದನ್ನು ನೆನಪಿಟ್ಟುಕೊಳ್ಳುವುದಕ್ಕೂ ಹರಿದುಬರುತ್ತದೆಯೇ ಎನ್ನುವುದೇ ಪ್ರಶ್ನೆ.

ಇದನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಅಮೆರಿಕದ 'ಆ್ಯಕ್ಟಿವ್' ಪ್ರಮುಖವಾದದ್ದು. 65 ದಾಟಿದ 2,832 ಮಂದಿಯಲ್ಲಿ ಕೆಲವರಿಗೆ ನೆನಪಿನ, ಕೆಲವರಿಗೆ ತರ್ಕದ, ಕೆಲವರಿಗೆ ಕಂಡದ್ದನ್ನು ಬೇಗ ಗುರುತಿಸುವ ವೇಗದ ತರಬೇತಿ ಕೊಟ್ಟರು. ಇನ್ನು ಕೆಲವರಿಗೆ ಯಾವ ತರಬೇತಿಯೂ ಇರಲಿಲ್ಲ. ಯಾರಿಗೆ ಯಾವುದನ್ನು ಕಲಿಸಿದರೋ ಅವರು ಅದರಲ್ಲಷ್ಟೇ ಮುಂದಾದರು. ತರ್ಕ ಕಲಿತವರ ನೆನಪು ಚುರುಕಾಗಲಿಲ್ಲ. ಹತ್ತು ವರ್ಷದ ಮೇಲೂ ತರ್ಕದ ಮತ್ತು ವೇಗದ ತರಬೇತಿಯ ಲಾಭ ಉಳಿದಿತ್ತು, ನೆನಪಿನ ತರಬೇತಿಯದು ಉಳಿದಿರಲಿಲ್ಲ. ವೇಗದ ತರಬೇತಿ ಪಡೆದವರಲ್ಲಿ ಡಿಮೆನ್ಶಿಯದ ಸಾಧ್ಯತೆ ಶೇ. 29ರಷ್ಟು ಕಡಿಮೆಯಿತ್ತು ಎಂದು 2017ರ ಒಂದು ವಿಶ್ಲೇಷಣೆ ಹೇಳಿತು. ಇದು ಆಸೆ ಹುಟ್ಟಿಸುವ ಸುದ್ದಿಯೇ ಸರಿ. ಆದರೆ ಆ ಪ್ರಯೋಗವನ್ನು ಡಿಮೆನ್ಶಿಯ ತಡೆಯುವುದನ್ನು ಅಳೆಯಲೆಂದು ರೂಪಿಸಿರಲಿಲ್ಲ. ಅಲ್ಲಿ ಬಳಸಿದ ತರಬೇತಿಗೂ ನಾವು ಬಿಡಿಸುವ ಪದಬಂಧಕ್ಕೂ ಸಂಬಂಧವಿಲ್ಲ.

ಮಾರುಕಟ್ಟೆಗೆ ಇಷ್ಟು ತಾಳ್ಮೆ ಇರುವುದಿಲ್ಲ. ಲುಮಾಸಿಟಿ ಎಂಬ ಮಿದುಳಿನ ಆಟಗಳ ಆ್ಯಪ್ ತಯಾರಿಸಿದ ಕಂಪನಿ, ವಯಸ್ಸಿನೊಡನೆ ಬರುವ ಮರೆವನ್ನು ತನ್ನ ಆಟಗಳು ತಡೆಯುತ್ತವೆಂದು ಸಾಕಷ್ಟು ಪುರಾವೆಯಿಲ್ಲದೆ ಜಾಹೀರಾತು ನೀಡಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2016ರಲ್ಲಿ ಆ ಕಂಪನಿ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

ಇಷ್ಟವಿದ್ದರೆ ಪದಬಂಧ ಖಂಡಿತ ಬಿಡಿಸಿ. ಅದರಲ್ಲಿ ಖುಷಿಯಿದೆ, ಪದಗಳ ಒಡನಾಟವಿದೆ. ಅದನ್ನು ಔಷಧಿ ಎಂದುಕೊಳ್ಳದಿದ್ದರೆ ಸಾಕು.

ಎಲ್ಲವನ್ನೂ ಒಟ್ಟಿಗೆ ಮಾಡಿದರೆ?

ಫಿನ್‌ಲೆಂಡಿನ ವಿಜ್ಞಾನಿಗಳು ಈ ಪ್ರಶ್ನೆ ಕೇಳಿಕೊಂಡರು. 'ಫಿಂಗರ್' ಎಂಬ ಅವರ ಪ್ರಯೋಗದಲ್ಲಿ 60ರಿಂದ 77 ವರ್ಷದ 1,260 ಮಂದಿ ಇದ್ದರು. ಅರ್ಧ ಜನರಿಗೆ ವ್ಯಾಯಾಮ, ಆಹಾರದ ಮಾರ್ಗದರ್ಶನ, ಮಿದುಳಿನ ತರಬೇತಿ, ರಕ್ತದೊತ್ತಡ ಮತ್ತು ಸಕ್ಕರೆಯ ಮೇಲೆ ನಿಗಾ ನಾಲ್ಕೂ ಸಿಕ್ಕವು. ಉಳಿದವರಿಗೆ ಸಾಮಾನ್ಯ ಆರೋಗ್ಯ ಸಲಹೆ. ಎರಡು ವರ್ಷದ ಕೊನೆಗೆ ಎರಡೂ ಗುಂಪುಗಳು ಸುಧಾರಿಸಿದ್ದರೂ ಮೊದಲ ಗುಂಪಿನ ಸುಧಾರಣೆ ಶೇ. 25ರಷ್ಟು ಹೆಚ್ಚಿತ್ತು. ಯೋಚನೆಯ ವೇಗ, ಕೆಲಸಗಳನ್ನು ಯೋಜಿಸುವ ಸಾಮರ್ಥ್ಯ ಇವುಗಳಲ್ಲಿ ಲಾಭ ಕಂಡಿತು, ನೆನಪಿನ ಶಕ್ತಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಜನರಿದ್ದ ಅಮೆರಿಕದ ಇಂಥದೇ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ತಮ್ಮಷ್ಟಕ್ಕೆ ತಾವು ಮಾಡಿದವರೂ ಸುಧಾರಿಸಿದರು, ಗುಂಪಿನಲ್ಲಿ ಸೇರಿ ಕ್ರಮಬದ್ಧವಾಗಿ ಮಾಡಿದವರು ತುಸು ಹೆಚ್ಚು ಸುಧಾರಿಸಿದರು.

ಅಕ್ಷರ ಬಾರದ ಅಜ್ಜಿಗೆ?

ಈ ಪ್ರಯೋಗಗಳೆಲ್ಲ ಬಹುಪಾಲು ಶಾಲೆ ಕಲಿತವರ ನಾಡುಗಳಲ್ಲಿ ನಡೆದವು. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಅಂಥವರ ಬಗ್ಗೆ ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅಧ್ಯಯನ ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಗ್ರಾಮೀಣ ಜನರನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ.

ಇನ್ನೊಂದು ಕುತೂಹಲದ ಸಂಗತಿ ಹೈದರಾಬಾದಿನಿಂದ ಬಂದಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರವಿಜ್ಞಾನಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿ 648 ಡಿಮೆನ್ಶಿಯ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಇದು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಮಿದುಳಿಗೆ ಕೆಲಸ ಕೊಡಲು ಪುಸ್ತಕ, ಪೆನ್ಸಿಲ್ಲೇ ಬೇಕಿಲ್ಲ ಎಂದು ಯೋಚಿಸುವಂತೆ ಮಾಡುತ್ತದೆ.

ನಾವೇನು ಮಾಡಬಹುದು?

- 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಚುರುಕಿನ ನಡಿಗೆ ಸಾಕು. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ, ಮೂರು ದಿನ ಸಮತೋಲನ ಕಾಪಾಡುವ ವ್ಯಾಯಾಮ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.
- ಬಿಪಿ, ಶುಗರ್, ಕೊಲೆಸ್ಟರಾಲ್ ತಪಾಸಣೆ ತಪ್ಪಿಸಬೇಡಿ. ಕಿವಿ ಮಂದವಾದರೆ, ಕಣ್ಣಿಗೆ ಪೊರೆ ಬಂದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ಇವೂ ಡಿಮೆನ್ಶಿಯದ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿವೆ.
- ಮರೆವು ಹೆಚ್ಚುತ್ತಿದ್ದರೆ ಆಟದ ಆ್ಯಪ್ ಹುಡುಕುವ ಮುನ್ನ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮರೆವು ತರಬಲ್ಲವು. ಇವುಗಳಿಗೆ ಪರಿಹಾರವಿದೆ.

ಜಗತ್ತಿನ ಡಿಮೆನ್ಶಿಯ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟು ಇಂಥ 14 ಬದಲಿಸಬಹುದಾದ ಅಂಶಗಳಿಗೆ ಸಂಬಂಧಿಸಿವೆ ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜಿಸಿತು. ಉಳಿದ ಅರ್ಧಕ್ಕೂ ಹೆಚ್ಚು ಪಾಲು ನಮ್ಮ ಕೈಯಲ್ಲಿಲ್ಲ ಎನ್ನುವುದನ್ನೂ ಮರೆಯಬಾರದು. ದಿನಾ ನಡೆದವರಿಗೂ, ಬದುಕಿಡೀ ಓದಿದವರಿಗೂ ಈ ಕಾಯಿಲೆ ಬರಬಹುದು. ಆಗ 'ಸ್ವಲ್ಪ ತಲೆ ಓಡಿಸಿದ್ದರೆ ಹೀಗಾಗುತ್ತಿರಲಿಲ್ಲ' ಎಂದು ದೂರುವುದು ತಪ್ಪು. ಕಾಯಿಲೆ ಬಂದ ಮೇಲೆ ಕಠಿಣ ವ್ಯಾಯಾಮ ಮಾಡಿಸಿದರೂ ಬುದ್ಧಿ ಕುಂದುವುದು ನಿಧಾನವಾಗಲಿಲ್ಲ ಎಂದು ಬ್ರಿಟನ್ನಿನ 2018ರ ಪ್ರಯೋಗವೊಂದು ತೋರಿಸಿದೆ.

ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನಡೆಯುವ ಒಂದು ತಪ್ಪಿದೆ. 'ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮಾಗಿ ಕೂತಿರಿ' ಎಂದು ಹಿರಿಯರ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಳ್ಳುತ್ತೇವೆ. ಸಂತೆಗೆ ನಡೆದು ಹೋಗುವುದು, ತರಕಾರಿಯವರೊಡನೆ ಚೌಕಾಸಿ, ಚಿಲ್ಲರೆ ಲೆಕ್ಕ, ದಾರಿಯಲ್ಲಿ ಸಿಕ್ಕವರೊಡನೆ ಎರಡು ಮಾತು. ಇದರಲ್ಲಿ ನಡಿಗೆಯೂ ಇದೆ, ಲೆಕ್ಕವೂ ಇದೆ, ಒಡನಾಟವೂ ಇದೆ. ಕೈಲಾಗುವಷ್ಟು ದಿನ ಆ ಚೀಲ ಅವರ ಕೈಯಲ್ಲೇ ಇರಲಿ. ಬೇಕಿದ್ದರೆ ನಾವೂ ಜೊತೆಗೆ ಹೋಗೋಣ.