ಸಜೆಯ ಲೆಕ್ಕ ಬಲ್ಲವರು ಯಾರು?

"ನಮ್ಮ ಹುಡುಗ ಯಾವಾಗ ಹೊರಗ ಬರ್ತಾನ್ರೀ?" ರಾಯಚೂರಿನ ನ್ಯಾಯಾಲಯದ ಆವರಣದಲ್ಲಿ ನಾವು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ದೇವದುರ್ಗದ ಯಾವುದೋ ಹಳ್ಳಿಯಿಂದಲೋ ಮಾನ್ವಿಯ ಕಡೆಯಿಂದಲೋ ಬೆಳಗಿನ ಬಸ್ಸಿಗೆ ಬಂದಿಳಿದ ತಾಯಿಗೆ ತೀರ್ಪಿನ ಪ್ರತಿ ಓದಲು ಬರುವುದಿಲ್ಲ. ವಕೀಲರು ಹೇಳಿದ್ದು ಮೂರು ವರ್ಷವೆಂದು. ಜೈಲಿನ ಹೊರಗೆ ಚಹಾ ಕುಡಿಯುತ್ತಿದ್ದ ಯಾರೋ ಹೇಳಿದ್ದು, ಹಗಲು ಒಂದು ದಿನ, ರಾತ್ರಿ ಒಂದು ದಿನ, ಹೀಗೆ ಒಂದೂವರೆ ವರ್ಷಕ್ಕೇ ಮುಗಿಯಿತೆಂದು. ಮೂರನೆಯವನೊಬ್ಬ ಇದ್ದೇ ಇರುತ್ತಾನೆ, ಹಣ ಕೊಟ್ಟರೆ 'ಮಾಫಿ' ಮಾಡಿಸಿಕೊಡುವೆನೆನ್ನುವವನು.

ಹಗಲು-ರಾತ್ರಿಯ ಲೆಕ್ಕ ಶುದ್ಧ ಸುಳ್ಳು. ಇಪ್ಪತ್ನಾಲ್ಕು ಗಂಟೆಗೆ ಒಂದೇ ದಿನ. ಜೀವಾವಧಿಯೆಂದರೆ ಹದಿನಾಲ್ಕು ವರ್ಷ ಎಂಬುದೂ ಅಂಥದೇ ಇನ್ನೊಂದು ನಂಬಿಕೆ. ಜೀವಾವಧಿಯೆಂದರೆ ಜೀವವಿರುವವರೆಗೆ ಎಂದು ಸುಪ್ರೀಂ ಕೋರ್ಟು 1961ರಲ್ಲಿಯೇ ಗೋಪಾಲ ವಿನಾಯಕ ಗೋಡ್ಸೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಸಜೆಯಾಗಿದ್ದರೆ, ಮಾಫಿಯ ದಿನಗಳನ್ನು ಸೇರಿಸದೆ ಹದಿನಾಲ್ಕು ವರ್ಷ ವಾಸ್ತವವಾಗಿ ಒಳಗೆ ಕಳೆದಿರಬೇಕು. ಹಳೆಯ ಸಂಹಿತೆಯ 433ಎ, ಇಂದಿನ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮು ಹೇಳುವುದು ಇದನ್ನೇ. ಪೆರೋಲಿನ ಮೇಲೆ ಹೊರಗಿದ್ದ ದಿನಗಳು ಕೂಡ ಆ ಹದಿನಾಲ್ಕರಲ್ಲಿ ಸೇರವೆಂದು 2023ರಲ್ಲಿ ತೀರ್ಪಾಗಿದೆ. ಹದಿನಾಲ್ಕು ತುಂಬಿದ ಮೇಲೂ ಬಿಡುಗಡೆ ತಾನಾಗಿ ಬರುವುದಿಲ್ಲ. ಸರಕಾರದ ಆದೇಶ ಬೇಕು.

ಹಾಗಾದರೆ ಸತ್ಯವಾದ ಲೆಕ್ಕ ಯಾವುದು? ನಿಗದಿತ ಅವಧಿಯ ಸಜೆಯನ್ನು ತೆಗೆದುಕೊಳ್ಳೋಣ. ಒಬ್ಬನಿಗೆ ಮೂರು ವರ್ಷ ಸಜೆಯಾಯಿತು. ತೀರ್ಪಿಗೆ ಮುನ್ನ ಅದೇ ಪ್ರಕರಣದಲ್ಲಿ ಅವನು ಹದಿನಾಲ್ಕು ತಿಂಗಳು ವಿಚಾರಣಾಧೀನನಾಗಿ ಒಳಗಿದ್ದ ಎನ್ನೋಣ. ಆ ಹದಿನಾಲ್ಕು ತಿಂಗಳು ಸಜೆಯಲ್ಲಿ ವಜಾ ಆಗಲೇಬೇಕು. ಇದು ಯಾರ ಕೃಪೆಯೂ ಅಲ್ಲ. ಹಿಂದೆ 428, ಈಗ 468ನೇ ಕಲಮಿನ ಹಕ್ಕು. ಉಳಿದದ್ದು ಇಪ್ಪತ್ತೆರಡು ತಿಂಗಳು. ಅದರ ಮೇಲೆ ಮಾಫಿ. ಕಾರಾಗೃಹದ ನಿಯಮಗಳ ಪ್ರಕಾರ ಸನ್ನಡತೆಗೂ ವಹಿಸಿದ ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೂ ಶಿಕ್ಷಾಬಂಧಿಯ ಖಾತೆಗೆ ತಿಂಗಳಿಗೆ ಕೆಲವು ದಿನಗಳು ಜಮೆಯಾಗುತ್ತವೆ. ಹೊಡೆದಾಟಕ್ಕಿಳಿದರೆ, ನಿಷಿದ್ಧ ವಸ್ತು ಸಿಕ್ಕಿಬಿದ್ದರೆ ಜಮೆಯಾದದ್ದು ಕಡಿತವಾಗಬಹುದು. ಬೆವರು ಸುರಿಸಿ ಗಳಿಸಿದ ಈ ದಿನಗಳ ಲೆಕ್ಕ ಕಾರಾಗೃಹದ ದಾಖಲೆಯಲ್ಲಿರುತ್ತದೆ. ಅದನ್ನು ಕೇಳಿ ತಿಳಿದುಕೊಂಡ ಕುಟುಂಬಗಳೆಷ್ಟು?

ಅಮೆರಿಕದ ಒಕ್ಕೂಟ ಕಾರಾಗೃಹಗಳ ವ್ಯವಸ್ಥೆಯನ್ನು ಇಲ್ಲಿ ನೆನೆಯಬಹುದು. 2018ರ ಡಿಸೆಂಬರಿನಲ್ಲಿ ಜಾರಿಯಾದ 'ಫಸ್ಟ್ ಸ್ಟೆಪ್' ಕಾನೂನಿನಂತೆ, ನಿಗದಿಪಡಿಸಿದ ಶಿಕ್ಷಣ, ತರಬೇತಿ ಅಥವಾ ವ್ಯಸನಮುಕ್ತಿ ಕಾರ್ಯಕ್ರಮದಲ್ಲಿ ಪಾಲ್ಗೊಂಡ ಪ್ರತಿ ಮೂವತ್ತು ದಿನಕ್ಕೆ ಹತ್ತು ದಿನ ಗಳಿಕೆ. ಮತ್ತೆ ಅಪರಾಧಕ್ಕಿಳಿಯುವ ಸಂಭವ ಕಡಿಮೆಯೆಂದು ಸತತವಾಗಿ ಕಂಡುಬಂದವನಿಗೆ ಇನ್ನೂ ಐದು ದಿನ. ಸನ್ನಡತೆಗೆ ಪ್ರತ್ಯೇಕವಾಗಿ ವರ್ಷಕ್ಕೆ ಐವತ್ತನಾಲ್ಕು ದಿನಗಳವರೆಗೆ. ಘೋರ ಅಪರಾಧಗಳ ಉದ್ದನೆಯ ಪಟ್ಟಿಯೊಂದಕ್ಕೆ ಕಾರ್ಯಕ್ರಮದ ಗಳಿಕೆ ಅನ್ವಯಿಸುವುದಿಲ್ಲ. ಆ ದೇಶದ ಜೈಲುಗಳನ್ನು ಹೊಗಳುವ ಇರಾದೆ ನಮಗಿಲ್ಲ, ಗ್ವಾಂಟನಾಮೋವನ್ನು ನಾವು ಮರೆತಿಲ್ಲ. ಆದರೆ ಓದಿದರೆ ಇಷ್ಟು, ದುಡಿದರೆ ಇಷ್ಟು ಎಂದು ಬಂಧಿಗೆ ಮೊದಲೇ ತಿಳಿದಿರುವುದು ಸಣ್ಣ ಮಾತಲ್ಲ.

ನಮ್ಮಲ್ಲಿ ಮಾಫಿಯೆಂಬ ಮಾತು ಸುದ್ದಿಯಾಗುವುದು ಅದು ದುರುಪಯೋಗವಾದಾಗ. ಬಿಲ್ಕೀಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳನ್ನು ಗುಜರಾತ್ ಸರಕಾರ 2022ರ ಆಗಸ್ಟ್ 15ರಂದು ಹೊರಗೆ ಬಿಟ್ಟಿತು, ಹಾರ ಹಾಕಿ ಸ್ವಾಗತಿಸಿದವರನ್ನೂ ದೇಶ ಕಂಡಿತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಗೊಳಿಸಿ ಎಲ್ಲರನ್ನೂ ಮರಳಿ ಜೈಲಿಗೆ ಕಳಿಸಿತು. ಸಜೆ ವಿಧಿಸಿದ್ದು ಮಹಾರಾಷ್ಟ್ರದ ನ್ಯಾಯಾಲಯ, ಆದ್ದರಿಂದ ತೀರ್ಮಾನದ ಅಧಿಕಾರ ಮಹಾರಾಷ್ಟ್ರದ್ದು ಎಂಬುದು ಮುಖ್ಯ ಕಾರಣವಾಗಿತ್ತು. ಗಡಿ ಜಿಲ್ಲೆಯವರಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ಗದ್ವಾಲದಲ್ಲಿ ಸಜೆಯಾದವನ ಅರ್ಜಿ ತೆಲಂಗಾಣಕ್ಕೆ, ಕರ್ನೂಲಿನಲ್ಲಿ ಸಜೆಯಾದವನದು ಆಂಧ್ರಕ್ಕೆ ಹೋಗಬೇಕು. ಬೆಂಗಳೂರಿಗೆ ಅಲೆದು ಪ್ರಯೋಜನವಿಲ್ಲ.

ಅವಧಿಪೂರ್ವ ಬಿಡುಗಡೆಯ ನೀತಿಯಿರುವ ರಾಜ್ಯಗಳು ಅರ್ಹ ಬಂಧಿಯ ಅರ್ಜಿಗಾಗಿ ಕಾಯದೆ ತಾವಾಗಿಯೇ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಆದೇಶಿಸಿದೆ. ಆದೇಶವು ಕಡತದಿಂದ ಕೋಣೆಯವರೆಗೆ ತಲುಪಬೇಕಾದರೆ ಹೊರಗಿನಿಂದ ಕೇಳುವವರಿರಬೇಕು.

ಮಾಫಿಯ ಮಾತೆಲ್ಲ ಸಜೆಯಾದವರದ್ದು. ಸಜೆಯೇ ಆಗದವರ ಸಂಖ್ಯೆ ಎಷ್ಟೆಂದು ಬಲ್ಲಿರಾ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಸನ್ನಡತೆಯಿಂದ ಇವರಿಗೆ ಒಂದು ದಿನವೂ ಜಮೆಯಾಗದು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ 479ನೇ ಕಲಮಿದೆ. ಹಿಂದೆ ಶಿಕ್ಷೆಯಾಗಿರದವನು ಗರಿಷ್ಠ ಸಜೆಯ ಮೂರನೆಯ ಒಂದು ಭಾಗ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಗರಿಷ್ಠ ಮೂರು ವರ್ಷದ ಸಾಮಾನ್ಯ ಕಳವಿನ ಆರೋಪವಾದರೆ ಒಂದು ವರ್ಷ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೂ ಹಲವು ಪ್ರಕರಣಗಳು ಬಾಕಿಯಿರುವವರಿಗೂ ಇದು ದೊರೆಯದು. ನ್ಯಾಯಾಲಯಕ್ಕೆ ಬರೆಯಬೇಕಾದ ಹೊಣೆ ಜೈಲಿನ ಅಧೀಕ್ಷಕರದೇ ಎಂದು ಕಾನೂನು ಹೇಳಿದೆ. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಿಳಿಸಿತು.

ಕೊನೆಯದಾಗಿ ಜುಲ್ಮಾನೆ. ಸಜೆ ಮುಗಿದರೂ ಜುಲ್ಮಾನೆ ಕಟ್ಟಲಾಗದೆ ಮತ್ತೆ ತಿಂಗಳುಗಟ್ಟಲೆ ಒಳಗೆ ಉಳಿಯುವವರಿದ್ದಾರೆ. ವಿಚಾರಣಾ ಕಾಲದ ದಿನಗಳು ಈ ಹೆಚ್ಚುವರಿ ಸಜೆಯಲ್ಲಿ ವಜಾ ಆಗುವುದಿಲ್ಲ. ಬಡ ಬಂಧಿಗಳಿಗಾಗಿ ಕೇಂದ್ರ ಸರಕಾರ 2023ರಲ್ಲಿ ರೂಪಿಸಿದ ಯೋಜನೆಯಲ್ಲಿ ಜುಲ್ಮಾನೆಗೂ ಜಾಮೀನಿಗೂ ನೆರವುಂಟು. ಝಕಾತಿನ ಎಂಟು ಬಾಬುಗಳಲ್ಲಿ ಬಂಧನದ ಕೊರಳು ಬಿಡಿಸುವುದೂ ಒಂದೆಂದು ಮದ್ರಸದಲ್ಲಿ ಓದಿದವರೆಲ್ಲ ಬಲ್ಲೆವು. ಆದರೂ ರಮಝಾನಿನಲ್ಲಿ ನಮ್ಮ ಜಮಾಅತ್‌ಗಳ ಪಟ್ಟಿಯಲ್ಲಿ ಜೈಲಿನ ಹೆಸರೇ ಇರುವುದಿಲ್ಲ. ನಿರಪರಾಧಿಗಳಿಗೆ ಮಾತ್ರ ಸಹಾಯ ಎನ್ನುವವರಿದ್ದಾರೆ. ತಪ್ಪಿಗೆ ತಕ್ಕ ಸಜೆಯನ್ನು ಪೂರ್ತಿ ಉಂಡವನನ್ನು ಬಡತನಕ್ಕಾಗಿ ಇನ್ನಾರು ತಿಂಗಳು ಕೂರಿಸುವುದು ಯಾವ ನ್ಯಾಯ?

ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು 1987ರ ಕಾನೂನಿನಂತೆ ದೊರೆಯುತ್ತಾರೆ, ದೂರವಾಣಿ 15100. ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರುವವರು ತೀರ್ಪಿನ ಪ್ರತಿ, ಬಂಧಿಯ ಸಂಖ್ಯೆ, ಮೊದಲು ಬಂಧಿಸಿದ ದಿನಾಂಕ ಇವಿಷ್ಟನ್ನು ತರಲಿ. ಆ ತಾಯಿಯ ಚೀಲದಲ್ಲಿ ಮೂರೂ ಇದ್ದವು, ಕೇಳಿದವರು ಮಾತ್ರ ಯಾರೂ ಇರಲಿಲ್ಲ.